ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ವಿದ್ಯಾರ್ಥಿ ಸಂಘ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಐಟಿಐ, ಪಾಲಿಟೆಕ್ನಿಕ್, ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಹುಡುಗ-ಹುಡುಗಿಯರು, ಅವರ ಜೆಟಿಒಗಳು (ಟ್ರೇಡ್ ಕಲಿಸುವ ಕಿರಿಯ ತರಬೇತಿ ಅಧಿಕಾರಿಗಳು), ಆಗಾಗ ಅವರ ಅಪ್ಪ-ಅವ್ವಂದಿರು ಕೇಳುವ ಪ್ರಶ್ನೆಗಳಿವು. ಉತ್ತರಗಳಲ್ಲಿ ನನ್ನ ಅಭಿಪ್ರಾಯವೂ ಬೆರೆತಿದೆ. ಒಪ್ಪಿಗೆಯಾಗದಿದ್ದರೆ ನಿಮ್ಮ ಸೆಕ್ಷನ್‌ನಲ್ಲಿ ಬೇರೆ ಥರ ಮಾಡಿ ನೋಡಿ.

ವಿದ್ಯಾರ್ಥಿ ಸಂಘ ಅಂದರೆ ರಾಜಕೀಯ ಅಲ್ವಾ?

ಆ ಹೆಸರು ಕೇಳಿದ ಕೂಡಲೇ ಬಾವುಟ, ಘೋಷಣೆ, ಕಾಲೇಜು ಬಂದ್ ನೆನಪಾಗುವುದು ಸಹಜ. ಎಬಿವಿಪಿ, ಎನ್‌ಎಸ್‌ಯುಐ, ಎಸ್‌ಎಫ್‌ಐ, ಎಐಡಿಎಸ್‌ಒ ಇವೆಲ್ಲ ಇಡೀ ವಿದ್ಯಾರ್ಥಿ ವರ್ಗದ ಪರವಾಗಿ ಮಾತಾಡುವ ಸಂಘಟನೆಗಳು. ಬಸ್ ಪಾಸ್, ಸ್ಕಾಲರ್‌ಶಿಪ್, ತಡವಾದ ಫಲಿತಾಂಶ ಇಂಥ ವಿಷಯಕ್ಕೆ ಬೀದಿಗಿಳಿಯುವುದು ಅವರ ಕೆಲಸ. ಅದು ಬೇಡ ಅಂತ ಇಲ್ಲಿ ಹೇಳುತ್ತಿಲ್ಲ. ಇಲ್ಲಿ ಮಾತಾಡುತ್ತಿರುವುದು ಇನ್ನೊಂದು ಬಗೆಯ ಸಂಘದ ಬಗ್ಗೆ: ಒಂದೇ ಟ್ರೇಡ್ ಅಥವಾ ಒಂದೇ ಬ್ರ್ಯಾಂಚ್ ಕಲಿಯುವವರು ತಮ್ಮ ಕಸುಬಿನ ಸುತ್ತ ಕಟ್ಟಿಕೊಳ್ಳುವ ಸಂಘ. ಫಿಟ್ಟರ್ ಸಂಘ, ಎಲೆಕ್ಟ್ರಿಷಿಯನ್ ಸಂಘ, ಮೆಕ್ಯಾನಿಕಲ್ ಡಿಪ್ಲೊಮಾ ಸಂಘ, ಹೀಗೆ.

ಕರ್ನಾಟಕದ ಕಾಲೇಜುಗಳಲ್ಲಿ ನೇರ ಚುನಾವಣೆ ನಿಂತು ದಶಕಗಳೇ ಕಳೆದಿವೆ. ಆದರೂ ಪದಾಧಿಕಾರಿಗಳನ್ನು ಆರಿಸುವಾಗ ವಿದ್ಯಾರ್ಥಿ ಚುನಾವಣೆ ಹೇಗಿರಬೇಕು ಅಂತ ಹೇಳಿದ 2006ರ ಲಿಂಗ್ಡೋ ಸಮಿತಿಯ ಕೆಲವು ನಿಯಮಗಳನ್ನು ಎರವಲು ತಗೊಳ್ಳಬಹುದು. ಸ್ಪರ್ಧಿಸುವವರಿಗೆ ಶೇ. 75 ಹಾಜರಿ ಇರಬೇಕು, ಪ್ರಿಂಟ್ ಮಾಡಿಸಿದ ಪೋಸ್ಟರ್ ಇರಬಾರದು, ಪದಾಧಿಕಾರಿ ಆಗಲು ಒಬ್ಬರಿಗೆ ಒಂದೇ ಅವಕಾಶ ಅಂತ ಅದರಲ್ಲಿದೆ. ಮೂವತ್ತು-ನಲವತ್ತು ಹುಡುಗರ ಸಂಘಕ್ಕೆ ಇಷ್ಟು ಬೇಕಾದಷ್ಟಾಯಿತು. ಐಟಿಐನಲ್ಲಿ ಟ್ರೇಡ್ ಟೆಸ್ಟ್‌ಗೆ ಕೂರಲು ಶೇ. 80 ಹಾಜರಿ ಹೇಗೂ ಬೇಕು. ಹಾಗಾಗಿ ಮೊದಲ ಷರತ್ತು ತಾನೇ ಪೂರೈಸುತ್ತದೆ.

"ಇದರಿಂದ ಏನ್ ಸಿಗತೈತ್ರೀ?"

ಈ ಪ್ರಶ್ನೆ ಸಾಮಾನ್ಯವಾಗಿ ಅಪ್ಪಂದಿರದು. ಸರ್ಟಿಫಿಕೇಟ್ ಸಿಗತೈತಾ, ನೌಕರಿ ಸಿಗತೈತಾ ಅಂತ ಅದರರ್ಥ. ಸಂಘದಿಂದ ನೌಕರಿ ಸಿಗುವುದಿಲ್ಲ. ಅದನ್ನು ಮೊದಲ ದಿನವೇ ಹೇಳಿಬಿಡಬೇಕು.

ಸಿಗುವುದು ಬೇರೆ. ಕುಂದಗೋಳ, ರೋಣ, ಶಿಗ್ಗಾಂವಿ ಕಡೆಯ ಹಳ್ಳಿಯಿಂದ ಬರುವ ಹುಡುಗ ಕೈಯಲ್ಲಿ ಚೆನ್ನಾಗಿ ಫೈಲಿಂಗ್ ಮಾಡುತ್ತಾನೆ, ವರ್ನಿಯರ್ ಹಿಡಿದು ಅಳತೆ ಸರಿಯಾಗಿ ಓದುತ್ತಾನೆ. "ಈ ಜಾಬ್ ಹೇಗೆ ಮಾಡಿದೆ, ಹೇಳು" ಅಂದರೆ ತಲೆ ತಗ್ಗಿಸುತ್ತಾನೆ. ತಾರಿಹಾಳದ ಕಾರ್ಖಾನೆಯ ಇಂಟರ್‌ವ್ಯೂನಲ್ಲಿ ಅವನು ಸೋಲುವುದು ಕೈಯಿಂದ ಅಲ್ಲ, ಬಾಯಿಂದ. ಸಂಘದಲ್ಲಿ ಅವನೇ ಲೆಕ್ಕ ಓದಬೇಕು, ಅವನೇ ಸಾಮಾನು ತರಬೇಕು, ಅವನೇ ರೈತನ ಹತ್ತಿರ ಹೋಗಿ "ನಿಮ್ಮ ಪಂಪ್‌ದು ವಾಶರ್ ಹೋಗಿದೆ ರೀ" ಅಂತ ತಿಳಿಸಿ ಹೇಳಬೇಕು. ಎಂಪ್ಲಾಯಬಿಲಿಟಿ ಸ್ಕಿಲ್ಸ್ ಅನ್ನೋ ವಿಷಯ ಸಿಲಬಸ್‌ನಲ್ಲೇ ಇದೆ, ನಿಜ. ಬೆಂಚಿನ ಮೇಲೆ ಕೂತು ಧೈರ್ಯ ಕಲಿಯೋಕಾಗುತ್ತಾ?

ಇದು ಎಲ್ಲಿಂದ ಬಂದ ಪದ್ಧತಿ?

ಅಮೆರಿಕದಲ್ಲಿ ಇದಕ್ಕೆ ನೂರು ವರ್ಷದ ಹತ್ತಿರದ ಇತಿಹಾಸ ಇದೆ. ಅಲ್ಲಿ 1917ರ ಸ್ಮಿತ್-ಹ್ಯೂಸ್ ಕಾಯ್ದೆಯಿಂದ ಶಾಲೆಗಳ ವೃತ್ತಿ ಶಿಕ್ಷಣಕ್ಕೆ ಕೇಂದ್ರ ಸರ್ಕಾರದ ಹಣ ಬರತೊಡಗಿತು. 1928ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಕೃಷಿ ಕಲಿಯುವ ಹುಡುಗರ ಸಂಘ ಶುರುವಾಯಿತು. ಈಗ ಅದನ್ನು ಎಫ್‌ಎಫ್‌ಎ ಅನ್ನುತ್ತಾರೆ. ಅವರ ನೀಲಿ ಕಾರ್ಡುರಾಯ್ ಜಾಕೆಟ್ 1933ರಿಂದ ಇದೆ. ಹುಡುಗಿಯರಿಗೆ ಪೂರ್ತಿ ಸದಸ್ಯತ್ವ ಸಿಕ್ಕಿದ್ದು ಮಾತ್ರ 1969ರಲ್ಲಿ. ವರ್ಕ್‌ಶಾಪ್ ಟ್ರೇಡ್‌ಗಳವರ ಸಂಘ 1965ರಲ್ಲಿ ನ್ಯಾಶ್‌ವಿಲ್‌ನಲ್ಲಿ ಹುಟ್ಟಿತು. ಇವತ್ತು ಅದರ ಹೆಸರು ಸ್ಕಿಲ್ಸ್‌ಯುಎಸ್‌ಎ.

ಅವರಿಂದ ಕಲಿಯಬೇಕಾದ್ದು ಎರಡೇ. ಒಂದು, ಅಲ್ಲಿ ಸಂಘ ಅನ್ನೋದು ಪಾಠದ್ದೇ ಒಂದು ಭಾಗ, ಟ್ರೇಡ್ ಕಲಿಸುವ ಮೇಷ್ಟ್ರೇ ಸಂಘದ ಸಲಹೆಗಾರರು. ಎರಡು, ಸಭೆ ನಡೆಸುವುದನ್ನೂ ಒಂದು ಕಸುಬಿನಂತೆ ಕಲಿಸುತ್ತಾರೆ. ಠರಾವು ಮಂಡಿಸುವುದು, ಅನುಮೋದಿಸುವುದು, ತಿದ್ದುಪಡಿ ತರುವುದು, ಇದಕ್ಕೇ ಅಲ್ಲಿ ಸ್ಪರ್ಧೆ ಇದೆ. ಉಳಿದ ಜಾಕೆಟ್, ಸಮಾವೇಶ ನಮಗೆ ಬೇಡ. ಧಾರವಾಡದ ಬಿಸಿಲಿಗೆ ಕಾರ್ಡುರಾಯ್ ಹಾಕೋರು ಯಾರು!

ಅಷ್ಟಕ್ಕೂ ಸಂಘ ಕಟ್ಟುವುದು ನಮ್ಮ ಸೀಮೆಗೆ ಹೊಸದೇನಲ್ಲ. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ 1890ರದು. ದೇಶದ ಮೊದಮೊದಲ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ಒಂದು 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಶುರುವಾಯಿತು.

ನಮ್ಮಲ್ಲಿ ಈಗಾಗಲೇ ಯಾವ್ಯಾವ ಸಂಘಟನೆಗಳಿವೆ?

ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜಿನವರಿಗೆ ದಾರಿ ಸುಲಭ. ಐಎಸ್‌ಟಿಇ ಅಂದರೆ ಭಾರತೀಯ ತಾಂತ್ರಿಕ ಶಿಕ್ಷಣ ಸೊಸೈಟಿ. ಅದರ ವಿದ್ಯಾರ್ಥಿ ಘಟಕ ತೆರೆಯಬಹುದು. 1920ರಲ್ಲಿ ಹುಟ್ಟಿದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್‌ಗೂ ವಿದ್ಯಾರ್ಥಿ ಘಟಕಗಳಿವೆ. ಆಟೊಮೊಬೈಲ್ ಆಸಕ್ತಿ ಇದ್ದವರಿಗೆ ಎಸ್‌ಎಇ ಇಂಡಿಯಾದ ಕ್ಲಬ್‌ಗಳಿವೆ.

ಐಟಿಐನವರ ಕಡೆ ಇಂಥದ್ದು ಕಡಿಮೆ. ಎನ್‌ಎಸ್‌ಎಸ್, ಎನ್‌ಸಿಸಿ ಇರುವ ಕಡೆ ಅದೇ ಎಲ್ಲ. ಎನ್‌ಎಸ್‌ಎಸ್ 1969ರಿಂದ ನಡೆಯುತ್ತಿದೆ. ವರ್ಷಕ್ಕೆ 120 ಗಂಟೆ ಸೇವೆ, ಏಳು ದಿನದ ಶಿಬಿರ. ಒಳ್ಳೆಯದೇ. ಆದರೆ ವೆಲ್ಡರ್ ಹುಡುಗನನ್ನು ಕರೆದೊಯ್ದು ಗಿಡ ನೆಡಿಸಿ, ಫೋಟೊ ತೆಗೆಸಿ ಕಳಿಸಿದರೆ ಅವನ ಕೈಚಳಕ ಊರಿಗೆ ಕಾಣುವುದು ಯಾವಾಗ? ಅದೇ ಊರಿನ ಶಾಲೆಯ ಮುರಿದ ಗೇಟ್ ಅವನಿಂದ ವೆಲ್ಡ್ ಮಾಡಿಸಬಹುದಲ್ಲ.

ಇನ್ನೊಂದು ಬಾಗಿಲು ಹಲವರಿಗೆ ಗೊತ್ತೇ ಇಲ್ಲ. ಐಎಂಸಿ, ಅಂದರೆ ಸಂಸ್ಥೆಯ ನಿರ್ವಹಣಾ ಸಮಿತಿ ಇರುವ ಸರ್ಕಾರಿ ಐಟಿಐಗಳಲ್ಲಿ ಉದ್ಯಮದವರು, ಪ್ರಿನ್ಸಿಪಾಲರ ಜೊತೆ ತರಬೇತಿದಾರರ ಪ್ರತಿನಿಧಿಗೂ ಒಂದು ಜಾಗ ಇದೆ. ಆ ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಅಂತ ನಿಮ್ಮ ಐಟಿಐನಲ್ಲಿ ಕೇಳಿ ನೋಡಿ. ಟ್ರೇಡ್ ಸಂಘಗಳಿದ್ದರೆ ಅಲ್ಲಿಗೆ ಹೋಗುವವರು "ಎಲ್ಲ ಚೆನ್ನಾಗಿದೆ ಸರ್" ಅಂತ ಹೇಳಿ ಬರುವುದಿಲ್ಲ. ಯಾವ ಲೇತ್ ಕೆಟ್ಟಿದೆ, ಎಷ್ಟು ದಿನದಿಂದ ಕೆಟ್ಟಿದೆ ಅಂತ ಬರೆದುಕೊಂಡೇ ಹೋಗುತ್ತಾರೆ.

ವೆಲ್ಡರ್, ಕೋಪಾ (ಕಂಪ್ಯೂಟರ್ ಆಪರೇಟರ್ ಟ್ರೇಡ್) ಒಂದೇ ವರ್ಷದ ಕೋರ್ಸ್. ಸಂಘ ಕಟ್ಟುವಷ್ಟರಲ್ಲಿ ಹುಡುಗರು ಹೊರಟೇ ಹೋಗುತ್ತಾರಲ್ಲ?

ಇದೇ ನಿಜವಾದ ಕಷ್ಟ. ಐಟಿಐನಲ್ಲಿ ಸಂಘಗಳು ಸಾಯುವುದು ಜಗಳದಿಂದಲ್ಲ, ದುಡ್ಡಿಲ್ಲದೆಯೂ ಅಲ್ಲ. ಜುಲೈನಲ್ಲಿ ಪರೀಕ್ಷೆ ಮುಗಿಸಿ ಹುಡುಗರು ಹೋದರೆ, ಆಗಸ್ಟ್‌ನಲ್ಲಿ ಬಂದವರಿಗೆ ಇಲ್ಲೊಂದು ಸಂಘ ಇತ್ತು ಅಂತಲೇ ತಿಳಿಯುವುದಿಲ್ಲ. ಫಿಟ್ಟರ್, ಎಲೆಕ್ಟ್ರಿಷಿಯನ್, ಟರ್ನರ್ ಎರಡು ವರ್ಷ. ಅಲ್ಲಿ ಸೀನಿಯರ್, ಜೂನಿಯರ್ ಒಟ್ಟಿಗೆ ಇರುತ್ತಾರೆ. ಡಿಪ್ಲೊಮಾದವರಿಗೆ ಮೂರು ವರ್ಷ, ಅವರು ಸಾಹುಕಾರರು.

ಆದ್ದರಿಂದ ಒಂದು ವರ್ಷದ ಟ್ರೇಡ್‌ನವರು ಒಂಟಿಯಾಗಿ ಸಂಘ ಮಾಡಬೇಡಿ. ವೆಲ್ಡರ್‌ನವರು ಫಿಟ್ಟರ್‌ನವರ ಜೊತೆ ಸೇರಲಿ, ಕೋಪಾದವರು ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್‌ನವರ ಜೊತೆ. ಅಧ್ಯಕ್ಷರು ಎರಡನೇ ವರ್ಷದವರು, ಕಾರ್ಯದರ್ಶಿ ಮೊದಲ ವರ್ಷದವರು ಇರಲಿ. ಮುಂದಿನ ವರ್ಷ ಕಾರ್ಯದರ್ಶಿಯೇ ಹಳೆಯ ಕೈ ಆಗುತ್ತಾರೆ.

ಅಧಿಕಾರ ಬದಲಾವಣೆ ಜುಲೈನಲ್ಲಿ ಬೇಡ. ಪರೀಕ್ಷೆಯ ಗಡಿಬಿಡಿಯಲ್ಲಿ ಕೀಲಿಕೈ ಯಾರ ಕಿಸೆಯಲ್ಲಿ ಹೋಯಿತು ಅಂತಲೂ ಗೊತ್ತಾಗುವುದಿಲ್ಲ. ಮಾರ್ಚ್‌ನಲ್ಲೇ ಹೊಸ ಸಮಿತಿ ಆರಿಸಿ. ಮೂರು ತಿಂಗಳು ಹಳಬರು ಪಕ್ಕದಲ್ಲಿ ನಿಂತು ತೋರಿಸಿಕೊಡಲಿ.

ಇನ್ನು ರಿಜಿಸ್ಟರ್. ಒಂದು ದಪ್ಪ ನೋಟ್‌ಬುಕ್ ಸಾಕು. ಯಾವ ಕೆಲಸ ಮಾಡಿದೆವು, ಸಾಮಾನು ಯಾವ ಅಂಗಡಿಯಿಂದ ಎಷ್ಟಕ್ಕೆ ತಂದೆವು, ಎಲ್ಲಿ ಕೆಟ್ಟಿತು, ಯಾರನ್ನು ಕೇಳಿದರೆ ಸಹಾಯ ಮಾಡಿದರು, ಇಷ್ಟು ಬರೆದಿಡಿ. ವಾಟ್ಸಾಪ್ ಗ್ರೂಪ್ ಇದಕ್ಕೆ ಬದಲಿ ಅಲ್ಲ. ಮೊಬೈಲ್ ಬದಲಾದರೆ, ಅಡ್ಮಿನ್ ಬೆಂಗಳೂರಿಗೆ ಹೋದರೆ ಕತೆ ಮುಗಿಯಿತು. ನೋಟ್‌ಬುಕ್ ಜೆಟಿಒ ಅವರ ಕಪಾಟಿನಲ್ಲಿ ಇರಲಿ. ಅವರಾದರೂ ವರ್ಗ ಆಗುವವರೆಗೆ ಇರುತ್ತಾರೆ.

ಸಂಘ ಮಾಡಿ ಏನು ಕೆಲಸ ಮಾಡುವುದು?

ಮೊದಲು ನಿಮ್ಮ ಸಿಲಬಸ್ ತೆಗೆದು ನೋಡಿ. ಈಗಿನ ಐಟಿಐ ಪಠ್ಯಕ್ರಮದಲ್ಲಿ ವರ್ಷಕ್ಕೆ 150 ಗಂಟೆ ಹತ್ತಿರದ ಉದ್ಯಮದಲ್ಲಿ ತರಬೇತಿ ಕಡ್ಡಾಯ. ಅದು ಸಿಗದ ಕಡೆ ಗುಂಪಾಗಿ ಒಂದು ಪ್ರಾಜೆಕ್ಟ್ ಮಾಡಬೇಕು. ಎಷ್ಟೋ ಕಡೆ ಈ ಪ್ರಾಜೆಕ್ಟ್ ಅಂದರೆ ಹಿಂದಿನ ವರ್ಷದ್ದಕ್ಕೇ ಹೊಸ ಬಣ್ಣ. ಸಂಘಕ್ಕೆ ಇದಕ್ಕಿಂತ ಒಳ್ಳೆ ಅವಕಾಶ ಬೇರೆ ಇಲ್ಲ. ಹೇಗೂ ಮಾಡಲೇಬೇಕಾದ ಕೆಲಸ, ಊರಿಗೆ ಉಪಯೋಗ ಆಗುವಂಥದ್ದನ್ನೇ ಆರಿಸಿಕೊಳ್ಳಿ.

ನಮ್ಮ ಭಾಗಕ್ಕೆ ನನ್ನ ಮೊದಲ ಆಯ್ಕೆ ಮುಂಗಾರಿಗೆ ಮುಂಚಿನ ರಿಪೇರಿ ಶಿಬಿರ. ನವಲಗುಂದ, ಅಣ್ಣಿಗೇರಿ, ರೋಣದ ಎರೆ ಭೂಮಿಯಲ್ಲಿ ಹೆಸರು ಬಿತ್ತನೆ ಜೂನ್‌ಗೆ ಶುರುವಾಗುತ್ತದೆ. ಏಪ್ರಿಲ್‌ನಲ್ಲಿ ಕೂರಿಗೆ, ಕುಂಟೆ, ಔಷಧ ಹೊಡೆಯುವ ಪಂಪ್ ಎಲ್ಲ ಮೂಲೆಯಲ್ಲಿ ಬಿದ್ದಿರುತ್ತವೆ, ರೈತರಿಗೂ ತುಸು ಬಿಡುವು. ನಿಮಗೂ ಪರೀಕ್ಷೆ ಇನ್ನೂ ದೂರ. ಸವೆದ ಕುಡಕ್ಕೆ ವೆಲ್ಡರ್‌ಗಳು ಕಬ್ಬಿಣ ಹಚ್ಚಬಹುದು. ಫಿಟ್ಟರ್‌ಗಳು ನಟ್-ಬೋಲ್ಟ್, ಬುಶ್ ನೋಡಿಕೊಳ್ಳಬಹುದು. ಪಂಪ್‌ನ ನಾಝಲ್ ಕಟ್ಟಿದ್ದರೆ, ವಾಶರ್ ಹೋಗಿದ್ದರೆ ಮೊದಲ ವರ್ಷದ ಹುಡುಗರಿಗೂ ಆಗುವ ಕೆಲಸ. ಎಲೆಕ್ಟ್ರಿಷಿಯನ್‌ಗಳು ಬೋರ್‌ವೆಲ್ ಸ್ಟಾರ್ಟರ್‌ಗಳನ್ನು ಬಿಚ್ಚಿ ಸ್ವಚ್ಛ ಮಾಡಿ, ಕಾಂಟ್ಯಾಕ್ಟ್ ಪರೀಕ್ಷಿಸಿ ಕೊಡಬಹುದು.

ಒಂದು ಮಾತು ಖಡಾಖಂಡಿತ. ಸ್ಟಾರ್ಟರ್ ಅನ್ನು ರೈತರೇ ಬಿಚ್ಚಿಸಿ ಶಿಬಿರಕ್ಕೆ ತರಬೇಕು. ಹೊಲಕ್ಕೆ ಹೋಗಿ ಕರೆಂಟ್ ಇರುವ ಲೈನ್ ಮುಟ್ಟುವುದು ಬೇಡ. ಹೆಸ್ಕಾಂ ಕಂಬದ ಹತ್ತಿರವಂತೂ ಸುಳಿಯಲೇಬೇಡಿ. ಜೆಟಿಒ ಇಲ್ಲದೆ ವೆಲ್ಡಿಂಗ್ ಮಷೀನ್ ಆನ್ ಆಗಬಾರದು. ಶೂ, ಗ್ಲೌಸ್, ವೆಲ್ಡಿಂಗ್ ಶೀಲ್ಡ್ ಇಲ್ಲದವರು ಆವತ್ತು ಹೆಸರು ಬರೆದುಕೊಳ್ಳುವ ಟೇಬಲ್‌ಗೆ ಕೂರಲಿ. ರೈತರ ಮುಂದೆ ಶೂರತನ ತೋರಿಸಲು ಹೋಗಿ ಕಣ್ಣು ಕಳಕೊಂಡರೆ ಯಾವ ಸಂಘವೂ ತಂದುಕೊಡುವುದಿಲ್ಲ.

ಬ್ಯಾಡಗಿ, ಹಾವೇರಿ ಕಡೆಯವರು ಮೆಣಸಿನಕಾಯಿ ಹಂಗಾಮು ನೋಡಿಕೊಂಡು ಶಿಬಿರ ಇಡಿ. ಗದಗ-ಬೆಟಗೇರಿಯಲ್ಲಿ ಮಗ್ಗಗಳಿವೆ, ಅಲ್ಲಿ ಟರ್ನರ್‌ಗಳಿಗೆ ಕೆಲಸ ಇದೆ. ಹುಬ್ಬಳ್ಳಿಯ ಪೇಟೆಯೊಳಗೆ ಇದ್ದವರಿಗೆ ಸರ್ಕಾರಿ ಶಾಲೆಗಳ ಡೆಸ್ಕ್, ಫ್ಯಾನ್, ವೈರಿಂಗ್ ಸಾಕಷ್ಟಿವೆ.

ಆಯುಧ ಪೂಜೆ, ಸೆಂಡ್-ಆಫ್ ಮಾಡುತ್ತೇವೆ. ಅಷ್ಟು ಸಾಲದೇ?

ಆಯುಧ ಪೂಜೆ ಇರಲಿ. ಆವತ್ತಾದರೂ ಲೇತ್ ಮೇಲಿನ ಚಿಪ್ಸ್ ಪೂರ್ತಿ ಗುಡಿಸುತ್ತಾರೆ! ಅದನ್ನೇ ಬಳಸಿಕೊಳ್ಳಿ. ಪೂಜೆಯ ಹಿಂದಿನ ಎರಡು ದಿನ ಸಂಘದವರು ಪ್ರತಿ ಮಷೀನ್‌ಗೂ ಎಣ್ಣೆ ಹಾಕಿ, ಬೆಲ್ಟ್ ನೋಡಿ, ಏನು ಕೆಟ್ಟಿದೆ ಅಂತ ಪಟ್ಟಿ ಮಾಡಲಿ. ಐಎಂಸಿಗೆ ಒಯ್ಯುವ ಕಾಗದ ಅದೇ.

ಸೆಂಡ್-ಆಫ್ ಬಗ್ಗೆ ನನ್ನದು ಒಂದೇ ತಕರಾರು. ಅದಕ್ಕೆ ಎತ್ತುವ ವಂತಿಗೆ ಸಂಘದ ಇಡೀ ವರ್ಷದ ಖರ್ಚಿಗಿಂತ ಜಾಸ್ತಿ ಆಗಬಾರದು.

ದುಡ್ಡು ಎಲ್ಲಿಂದ ಬರುತ್ತದೆ? ಯಾರು ಇಟ್ಟುಕೊಳ್ಳಬೇಕು?

ವಂತಿಗೆ ಚಿಕ್ಕದಿರಲಿ, ಬಡ ಹುಡುಗನಿಗೂ ಕೊಡಲು ಮುಜುಗರ ಆಗದಷ್ಟು. ರಿಪೇರಿ ಶಿಬಿರದಲ್ಲಿ ಕೂಲಿ ತಗೊಳ್ಳಬೇಡಿ, ಸಾಮಾನಿನ ದುಡ್ಡು ಮಾತ್ರ ತಗೊಳ್ಳಿ. ಪುಕ್ಕಟೆ ಮಾಡಿದರೆ ಬೀದಿಯಲ್ಲಿ ಗ್ಯಾರೇಜ್ ಇಟ್ಟುಕೊಂಡವರ ಹೊಟ್ಟೆ ಮೇಲೆ ಹೊಡೆದಂತಾಗುತ್ತದೆ ಅಂತ ಕೆಲವರು ವಾದ ಮಾಡುತ್ತಾರೆ. ಅದರಲ್ಲಿ ಸತ್ಯ ಇದೆ. ಅದಕ್ಕೇ ಶಿಬಿರ ವರ್ಷಕ್ಕೊಂದೇ ಇರಲಿ, ಆ ಊರಿನ ಮೇಸ್ತ್ರಿಯನ್ನೇ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರಿಂದ ಕಲಿಯುವುದೂ ಬಹಳ ಇರುತ್ತದೆ.

ಒಬ್ಬ ಹುಡುಗನ ಫೋನ್‌ಪೇಗೆ ಎಲ್ಲರ ದುಡ್ಡು ಹಾಕಿಸುವುದು ಈಗಿನ ದೊಡ್ಡ ರೋಗ. ಅವನು ಒಳ್ಳೆಯವನೇ ಇರಬಹುದು, ಆದರೆ ತಿಂಗಳ ಕೊನೆಗೆ ಅವನ ಸ್ವಂತ ದುಡ್ಡು ಯಾವುದು, ಸಂಘದ್ದು ಯಾವುದು ಅಂತ ಅವನಿಗೇ ತಿಳಿಯುವುದಿಲ್ಲ. ಸಂಸ್ಥೆ ಒಪ್ಪಿದರೆ ಅದರ ಮೂಲಕವೇ ರಸೀದಿ ಕೊಟ್ಟು ಜಮೆ ಮಾಡಿಸಿ. ಇಲ್ಲದಿದ್ದರೆ ಒಬ್ಬ ಜೆಟಿಒ, ಇಬ್ಬರು ವಿದ್ಯಾರ್ಥಿಗಳು ಸೇರಿ ನೋಡಿಕೊಳ್ಳಲಿ. ಪ್ರತಿ ತಿಂಗಳು ಲೆಕ್ಕವನ್ನು ನೋಟಿಸ್ ಬೋರ್ಡ್‌ಗೆ ಹಚ್ಚಿ. ಕಣಗಿನಹಾಳದಂಥ ಸಂಘಗಳು ನಡೆದದ್ದೇ ಊರಿನ ಜನ ಒಬ್ಬರನ್ನೊಬ್ಬರು ಬಲ್ಲವರಾಗಿದ್ದರಿಂದ, ಲೆಕ್ಕ ಎದುರಿಗೇ ಇದ್ದದ್ದರಿಂದ.

ಸಂಘವನ್ನು ಸರ್ಕಾರದಲ್ಲಿ ನೋಂದಣಿ ಮಾಡಿಸಬೇಕಾ?

ಬೇಡ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದು. ಅದರಡಿ ನೋಂದಣಿಗೆ 18 ದಾಟಿದ ಏಳು ಜನ ಬೇಕು, ವರ್ಷ ವರ್ಷ ಸಭೆ ನಡೆಸಿ ಲೆಕ್ಕಪತ್ರ ಸಲ್ಲಿಸಬೇಕು. ಐಟಿಐ ಸೇರಲು 14 ವರ್ಷ ಆಗಿದ್ದರೆ ಸಾಕು, ಅಂದರೆ 18 ದಾಟದ ಸದಸ್ಯರು ಅದಕ್ಕೆ ಸಹಿ ಹಾಕುವಂತೆಯೇ ಇಲ್ಲ. ಪ್ರಿನ್ಸಿಪಾಲರ ಸಹಿ ಇರುವ ಒಂದು ಪುಟದ ನಿಯಮಾವಳಿ ಸಾಕು. ನೋಂದಣಿ ಹಳೇ ವಿದ್ಯಾರ್ಥಿಗಳ ಸಂಘಕ್ಕೆ ಬೇಕಾಗಬಹುದು.

ಸಂಜೆ ಸಭೆ ಇಟ್ಟರೆ ಹುಡುಗಿಯರು, ಹಳ್ಳಿಯವರು ಬರುವುದೇ ಇಲ್ಲ.

ಬರುವುದು ಹೇಗೆ? 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪುಕ್ಕಟೆ ಆಯಿತು, ಸರಿ. ಆದರೆ ಊರಿಗೆ ಇರುವ ಕೊನೇ ಬಸ್ ಐದೂವರೆಗೆ ಹೋದರೆ ಪುಕ್ಕಟೆ ಟಿಕೆಟ್ ಇಟ್ಟುಕೊಂಡು ಏನು ಮಾಡೋದು? ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ ಹತ್ತುವವರಿಗೆ ಈ ಕಷ್ಟ ತಿಳಿಯುವುದಿಲ್ಲ. ಕಲಘಟಗಿಯ ಒಳಹಳ್ಳಿಗೆ ಹೋಗಬೇಕಾದವರನ್ನು ಕೇಳಿ. ಹಾಸ್ಟೆಲ್‌ನವರಿಗೂ ಗೇಟ್ ಹಾಕುವ ಹೊತ್ತು ಇರುತ್ತದೆ.

ಸಭೆಯನ್ನು ಶನಿವಾರ ಮಧ್ಯಾಹ್ನದ ಊಟದ ಹೊತ್ತಿಗೆ ಇಡಿ, ಬುತ್ತಿ ಬಿಚ್ಚಿಕೊಂಡೇ ಮಾತಾಡಿ. ಸಂಜೆ ಸಭೆ ಇಟ್ಟರೆ ಪೇಟೆ ಹುಡುಗರೇ ಎಲ್ಲ ಹುದ್ದೆ ಹಿಡಿಯುತ್ತಾರೆ, ಆಮೇಲೆ "ಹುಡುಗಿಯರಿಗೆ ಆಸಕ್ತಿ ಇಲ್ಲ" ಅಂತ ಅವರೇ ಹೇಳುತ್ತಾರೆ. ಫಿಟ್ಟರ್, ಎಲೆಕ್ಟ್ರಿಷಿಯನ್ ಸೆಕ್ಷನ್‌ನಲ್ಲಿ ಇಬ್ಬರೋ ಮೂವರೋ ಹುಡುಗಿಯರಿದ್ದರೆ ಅವರಿಗೆ ರಂಗೋಲಿ, ಸ್ವಾಗತ ಗೀತೆ ವಹಿಸುವ ಚಾಳಿ ಬಿಡಿ. ಸ್ಪ್ಯಾನರ್ ಕೊಡಿ.

ಇಂಡಿಯಾ ಸ್ಕಿಲ್ಸ್, ವರ್ಲ್ಡ್ ಸ್ಕಿಲ್ಸ್ ನಮ್ಮಂಥವರಿಗೂ ಇದೆಯಾ?

ಇದೆ. ವರ್ಲ್ಡ್ ಸ್ಕಿಲ್ಸ್ ಅನ್ನೋ ಜಾಗತಿಕ ಕೌಶಲ ಸ್ಪರ್ಧೆ 1950ರಲ್ಲಿ ಮ್ಯಾಡ್ರಿಡ್‌ನಲ್ಲಿ ಸ್ಪೇನ್, ಪೋರ್ಚುಗಲ್‌ನ 24 ಹುಡುಗರಿಂದ ಶುರುವಾಯಿತು. ಈಗ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. 2024ರಲ್ಲಿ ಫ್ರಾನ್ಸ್‌ನ ಲಿಯಾನ್‌ನಲ್ಲಿ ನಡೆದಾಗ ಭಾರತಕ್ಕೆ ನಾಲ್ಕು ಕಂಚು ಬಂದವು. ರಾಜ್ಯಮಟ್ಟ, ಆಮೇಲೆ ಇಂಡಿಯಾ ಸ್ಕಿಲ್ಸ್, ಆಮೇಲೆ ಅಲ್ಲಿಗೆ. ಹೆಚ್ಚಿನ ವಿಭಾಗಗಳಲ್ಲಿ ವಯಸ್ಸಿನ ಮಿತಿ 22ರ ಆಸುಪಾಸು, ಹಾಗಾಗಿ ಐಟಿಐ ವಯಸ್ಸೇ ಸರಿಯಾದ ವಯಸ್ಸು.

ಸಂಘದಲ್ಲಿ ತಿಂಗಳಿಗೊಂದು ಪೈಪೋಟಿ ಇಟ್ಟರೆ ತಯಾರಿ ತಾನೇ ಆಗುತ್ತದೆ. ಒಂದೇ ಡ್ರಾಯಿಂಗ್, ಒಂದೇ ಅಳತೆಯ ಎಂಎಸ್ ಫ್ಲ್ಯಾಟ್ (ಚಪ್ಪಟೆ ಉಕ್ಕಿನ ಪಟ್ಟಿ), ಗಡಿಯಾರ ಇಟ್ಟು ಕೆಲಸ. ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಸರ್ಕಾರ ರಾಜ್ಯದ 150 ಐಟಿಐಗಳಲ್ಲಿ ಹೊಸ ಲ್ಯಾಬ್ ಮಾಡಿದೆ. ನಿಮ್ಮದು ಅದರಲ್ಲಿದ್ದರೆ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಮಷೀನ್) ಮೇಲೆ ಕೈ ಪಳಗಿಸಲು ತರಗತಿ ಬಿಟ್ಟಮೇಲೂ ಹೊತ್ತು ಕೇಳಿ. ಕೇಳುವವರು ಒಬ್ಬರಾದರೆ "ಆಮೇಲೆ ನೋಡೋಣ" ಅನ್ನುತ್ತಾರೆ, ಸಂಘದ ಪತ್ರ ಬಂದರೆ ವೇಳಾಪಟ್ಟಿ ಬರುತ್ತದೆ.

ಅಪ್ರೆಂಟಿಸ್‌ಗೆ ಹೋದಮೇಲೆ ಸಂಘದ ಸಂಬಂಧ ಮುಗಿಯಿತಾ?

ಆಗಲೇ ಜಾಸ್ತಿ ಬೇಕಾಗುವುದು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್, ವಾಯವ್ಯ ಸಾರಿಗೆ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಗಳು, ಎಲ್ಲೇ ಹೋದರೂ 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ನೀವು ತರಬೇತಿದಾರರು, ಕಾರ್ಮಿಕರಲ್ಲ. ಕಾರ್ಮಿಕ ಕಾನೂನುಗಳು ನಿಮಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಆದರೆ ಆರೋಗ್ಯ, ಸುರಕ್ಷತೆಯ ನಿಯಮಗಳು ಅನ್ವಯಿಸುತ್ತವೆ. ಕೆಲಸದಲ್ಲಿ ಪೆಟ್ಟಾದರೆ ಪರಿಹಾರದ ಹೊಣೆ ಮಾಲೀಕರದ್ದು. ಇದು ಕಾಯ್ದೆಯಲ್ಲೇ ಇದೆ, ಯಾರ ಉಪಕಾರವೂ ಅಲ್ಲ. ನಿಮ್ಮ ಕಾಂಟ್ರ್ಯಾಕ್ಟ್ ಸರ್ಕಾರದ ಅಪ್ರೆಂಟಿಸ್ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆಯಾ, ಸ್ಟೈಪೆಂಡ್ ಬ್ಯಾಂಕಿಗೇ ಬರುತ್ತಿದೆಯಾ ಅಂತ ಮೊದಲ ತಿಂಗಳೇ ನೋಡಿಕೊಳ್ಳಿ. ಸುಮ್ನೆ "ಟ್ರೈನಿ" ಅಂತ ಕರೆದು ವರ್ಷಗಟ್ಟಲೆ ದುಡಿಸಿಕೊಳ್ಳುವ ಕಡೆ ನೋಂದಣಿಯೇ ಇರುವುದಿಲ್ಲ. ಹಿಂದಿನ ವರ್ಷ ಅಲ್ಲಿಗೇ ಹೋದವರು ಸಂಘದ ಬಳಗದಲ್ಲಿದ್ದರೆ ಹೋಗುವ ಮೊದಲೇ ತಿಳಿಯುತ್ತದೆ.

ಡಿಪ್ಲೊಮಾ ಮುಗಿಸಿ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರುವವರಿಗೂ ಒಂದು ಸೂಚನೆ. ವಿಟಿಯು ಕಾಲೇಜಿಗೆ ಹೀಗೆ ಲ್ಯಾಟರಲ್ ಆಗಿ ಹೋದವರು 75 ಆಕ್ಟಿವಿಟಿ ಪಾಯಿಂಟ್ ಗಳಿಸಬೇಕು, ಹೆಚ್ಚಾಗಿ ಸಮುದಾಯದ ಕೆಲಸದಿಂದ. ಪಾಲಿಟೆಕ್ನಿಕ್‌ನಲ್ಲಿ ಮಾಡಿದ್ದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಆದರೆ ರಿಪೇರಿ ಶಿಬಿರ ನಡೆಸಿ ಗೊತ್ತಿದ್ದವರಿಗೆ ಅದು ಭಾರ ಅನ್ನಿಸುವುದಿಲ್ಲ.

ಪ್ರಿನ್ಸಿಪಾಲರು ಬೇಡ ಅಂದರೆ?

ಸಂಘ ಅಂತ ಕೇಳಬೇಡಿ. "ಸರ್, ಶನಿವಾರ ಊಟದ ಹೊತ್ತಲ್ಲಿ ಮಷೀನ್ ಸ್ವಚ್ಛ ಮಾಡ್ತೀವಿ, ಜೆಟಿಒ ಸರ್ ಇರ್ತಾರೆ" ಅಂತ ಕೇಳಿ. ಇದಕ್ಕೆ ಬೇಡ ಅನ್ನುವವರು ವಿರಳ. ಎರಡು ತಿಂಗಳಾದ ಮೇಲೆ ನೋಟ್‌ಬುಕ್ ತೋರಿಸಿ ಹೆಸರು ಇಡಿ.

ಹಳೇ ವಿದ್ಯಾರ್ಥಿಗಳನ್ನು ಹೇಗೆ ಸೇರಿಸಿಕೊಳ್ಳುವುದು?

ಸನ್ಮಾನಕ್ಕೆ ಕರೆಯಬೇಡಿ, ಕೆಲಸಕ್ಕೆ ಕರೆಯಿರಿ. ಗೋಕುಲ ರಸ್ತೆಯ ಎಸ್ಟೇಟ್‌ನಲ್ಲಿ ಸ್ವಂತ ಲೇತ್ ಇಟ್ಟುಕೊಂಡ ಅಣ್ಣನಿಗೆ ಶಾಲು ಬೇಡ. ವಾರದ ರಜೆಯ ದಿನ ಒಂದು ತಾಸು ಬಂದು ಕೊಟೇಶನ್ ಹೇಗೆ ಬರೆಯುತ್ತಾರೆ, ಟೂಲ್ ಬಿಟ್ ಎಲ್ಲಿ ಅಗ್ಗ, ಪಾರ್ಟಿ ದುಡ್ಡು ಕೊಡದೆ ಸತಾಯಿಸಿದರೆ ಏನು ಮಾಡುತ್ತಾರೆ ಅಂತ ಹೇಳಿದರೆ ಸಾಕು. ಮೊದಲ ಸಲ ಬಂದಾಗಲೇ ದೇಣಿಗೆ ಪುಸ್ತಕ ಮುಂದೆ ಹಿಡಿಯಬೇಡಿ. ಫೋನ್ ನಂಬರ್ ಮಾತ್ರ ರಿಜಿಸ್ಟರ್‌ನಲ್ಲಿ ಬರೆಸಿಕೊಳ್ಳಿ, ಪಕ್ಕದಲ್ಲಿ ಅವರ ಟ್ರೇಡ್ ಮತ್ತು ಪಾಸಾದ ವರ್ಷ.